ಬಾಣ ಬಿಟ್ಟು ಓಡುವವನು

ನನ್ನ ಅಣ್ಣನ ಕೆಲಸ ಬಾಣ ಬಿಟ್ಟು ಓಡುವುದು. ಹೊಟ್ಟೆಪಾಡಿಗೆ ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಸಂಜೆ ಕೆಲಸ ಮುಗಿಸಿ ಬಂದ ಮೇಲೆ ನಾವು ಐದು ಜನ ನಮ್ಮನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಟ್ಟಿಗೆ ಆಡುವ ಆಟದ ಸಂಗತಿ.

ಆ ಆಟದಲ್ಲಿ ಕೋಟೆಗಳಿವೆ, ಗವಿಗಳಿವೆ. ಅವುಗಳ ತುಂಬ ಶತ್ರುಗಳು ಗುಂಪುಗುಂಪಾಗಿ ನಿಂತಿರುತ್ತಾರೆ. ಒಂದು ಗುಂಪನ್ನು ಐವರೂ ಸೇರಿ ಹೇಗೋ ಸಂಭಾಳಿಸಬಹುದು. ಎರಡು ಗುಂಪು ಒಟ್ಟಿಗೆ ಮೈಮೇಲೆ ಬಿದ್ದರೆ ಎಲ್ಲರ ಕಥೆಯೂ ಮುಗಿಯಿತು. ಆದ್ದರಿಂದ ಅವರು ನಿಂತ ಜಾಗಕ್ಕೆ ನಾವು ಹೋಗಿ ಕಾದುವಂತಿಲ್ಲ, ಅವರನ್ನೇ ನಮ್ಮ ಜಾಗಕ್ಕೆ ಎಳೆದು ತರಬೇಕು. ಇದಕ್ಕೆ ಆಟದವರು ಪುಲ್ ಮಾಡುವುದು ಎನ್ನುತ್ತಾರೆ. ಕೇಳಲು ಮಕ್ಕಳಾಟ. ಮಾಡಲು ಹೋದರೆ ಜೇನುಗೂಡಿಗೆ ಕೈ ಹಾಕಿದ ಹಾಗೆ.

ಅಣ್ಣ ಇದರಲ್ಲಿ ಎತ್ತಿದ ಕೈ. ಅವನು ಮೊದಲು ಸುಮ್ಮನೆ ನಿಂತು ನೋಡುತ್ತಾನೆ. ಯಾರ ಪಕ್ಕ ಯಾರು ನಿಂತಿದ್ದಾರೆ, ಕಾವಲಿನವನು ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ, ಒಬ್ಬನನ್ನು ಮುಟ್ಟಿದರೆ ಜೊತೆಗೆ ಇನ್ಯಾರು ತಿರುಗುತ್ತಾರೆ. ನನಗಾದರೆ ಅಷ್ಟು ಹೊತ್ತಿಗೆ ತಾಳ್ಮೆಯೆಲ್ಲ ತೀರಿ, "ಅಣ್ಣ, ನೀನೇನು ಅವರಿಗೆ ಹೆಣ್ಣು ನೋಡೋಕೆ ಬಂದಿದೀಯಾ?" ಎಂದು ಕಿರುಚಿರುತ್ತೇನೆ. ಅವನು ನಗುತ್ತಾನೆ, ಅವಸರ ಮಾತ್ರ ಮಾಡುವುದಿಲ್ಲ. ಆಮೇಲೆ ದೂರದಿಂದ ಒಂದೇ ಒಂದು ಬಾಣ. ಬಿಟ್ಟವನೇ ಹಿಂದಿರುಗಿ ನೋಡದೆ ಗೋಡೆಯ ಮೂಲೆ ತಿರುಗಿ ನಮ್ಮ ಕಡೆ ಓಡಿಬರುತ್ತಾನೆ. ಮೂಲೆ ಬೇಕೇ ಬೇಕು. ದೂರ ನಿಂತು ಮಂತ್ರ ಎಸೆಯುವ ಶತ್ರುಗಳೂ, ಅವನು ಕಣ್ಣಿಗೆ ಬೀಳದಿದ್ದರೆ, ತಾವೇ ನಡೆದು ಬರಬೇಕಾಗುತ್ತದೆ. ಬಂದವರು ಮೂಲೆ ದಾಟುವತನಕ ನಾವು ಯಾರೂ ಕೈ ಎತ್ತಬಾರದು.

ಬರುವವರ ಎದುರಿಗೆ ಅಡ್ಡ ನಿಂತು ಪೆಟ್ಟು ತಿನ್ನುವವನನ್ನು ಗೋಡೆ ಎಂದು ಕರೆಯುತ್ತೇವೆ. ಅವನು ನಿಜದಲ್ಲಿ ಬ್ರೆಡ್ ಮಾಡುವವನು, ನಸುಕಿಗೇ ಏಳಬೇಕಾದ್ದರಿಂದ ಕಾಳಗದ ನಡುವೆಯೂ ಅವನ ಆಕಳಿಕೆ ಕೇಳುತ್ತಿರುತ್ತದೆ. ನಾನು ಹೀಲರ್. ಎಲ್ಲರ ಹಿಂದೆ ನಿಂತು ಗಾಯ ವಾಸಿಮಾಡುವುದು, ಕಾಳಗ ಮುಗಿದ ಮೇಲೆ ಸತ್ತವರನ್ನು ಮಂತ್ರ ಹಾಕಿ ಎಬ್ಬಿಸುವುದು ನನ್ನ ಪಾಲು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಈ ಕೆಲಸ ಕೊಟ್ಟವರ ಬುದ್ಧಿಗೆ ಏನು ಹೇಳಬೇಕೋ. ಆಟದಲ್ಲಿ ನನ್ನ ಹೆಸರು ಮೆಣಸು. ಇಟ್ಟವನು ಅಣ್ಣ.

ಒಂದು ಸಲ ಅವನ ಲೆಕ್ಕ ತಪ್ಪಿತು. ಬೇರೆ ಬೇರೆ ಎಂದುಕೊಂಡಿದ್ದ ಎರಡು ಗುಂಪುಗಳಿಗೆ ಒಳಗಿಂದೊಳಗೇ ನಂಟಿತ್ತು. ಒಬ್ಬನಿಗೆ ಬಾಣ ತಾಗಿದ್ದೇ ತಡ, ಕೋಟೆಯ ಅಂಗಳಕ್ಕೆ ಅಂಗಳವೇ ಎದ್ದು ಬಂತು. ಅಣ್ಣ ಮೂಲೆಯ ಹತ್ತಿರಕ್ಕೆ ಬಂದವನು, ನಮ್ಮ ಕಡೆ ತಿರುಗಲಿಲ್ಲ. ಎದುರು ದಿಕ್ಕಿಗೆ ಓಡಿದ. ಅಷ್ಟೂ ಶತ್ರುಗಳು ಅವನ ಬೆನ್ನು ಹತ್ತಿದರು. "ನೀವು ಬರಬೇಡಿ, ಅಲ್ಲೇ ಇರಿ," ಎಂದ. ನನಗೆ ತಡೆಯಲಾಗಲಿಲ್ಲ. ಅವನ ಹಿಂದೆ ಓಡಿದೆ, ನನ್ನ ಹಿಂದೆ ಗೋಡೆ, ಅವನ ಹಿಂದೆ ಉಳಿದಿಬ್ಬರು. ಎಲ್ಲರೂ ಸತ್ತೆವು. ಎಬ್ಬಿಸಲು ಯಾರೂ ಉಳಿಯಲಿಲ್ಲ.

ಅವತ್ತು ಮೊದಲ ಸಲ ಅಣ್ಣ ನನ್ನನ್ನು ಬೈದ. "ಎಳೆದು ತರೋನು ತಪ್ಪು ಮಾಡಿದರೆ ಅದನ್ನ ಅವನೇ ಹೊತ್ಕೊಂಡು ದೂರ ಹೋಗಬೇಕು ಕಣೇ. ಅದು ನಿಯಮ. ನೀನು ಉಳಿದರೆ ತಾನೆ ಆಮೇಲೆ ನನ್ನನ್ನ ಎಬ್ಬಿಸೋದು? ನನ್ನನ್ನ ಕೊಂದ ಮೇಲೆ ಶತ್ರುಗಳೆಲ್ಲ ಕೋಪ ಇಳಿದು ತಮ್ಮ ತಮ್ಮ ಜಾಗಕ್ಕೆ ಹೋಗ್ತಾರೆ. ಆವಾಗ ಬಾ."

ಆಮೇಲೆ ನಾನು ಆ ನಿಯಮ ಮುರಿಯಲಿಲ್ಲ. ಅವನು ಓಡಿಹೋಗಿ ಸಾಯುವುದನ್ನು ಮೂಲೆಯಲ್ಲಿ ನಿಂತು ನೋಡುವುದು ಅಭ್ಯಾಸವಾಯಿತು. ಅಭ್ಯಾಸವಾಯಿತು ಎಂದರೆ ಹಿಡಿಸಿತು ಎಂದಲ್ಲ.

ಅಮ್ಮ ಮೆದುಳಿನಲ್ಲಿ ರಕ್ತಸ್ರಾವವಾಗಿ ತನ್ನ ಹೊಲಿಗೆ ಯಂತ್ರದ ಮೇಲೆಯೇ ಕುಸಿದಾಗ ಎದುರಿಗೆ ಗಿರಾಕಿಯೊಬ್ಬರು ನಿಂತಿದ್ದರಂತೆ. ಅಮ್ಮ ಹೊಸ ಬಟ್ಟೆ ಹೊಲಿಯುವವಳಲ್ಲ, ಹಳೆಯದನ್ನು ಸರಿಮಾಡುವವಳು. ಬೀದಿ ಕಡೆಯ ಕೋಣೆಯಲ್ಲಿ ಕುಳಿತು ಜಿಪ್ ಬದಲಿಸುತ್ತಿದ್ದಳು, ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿದ್ದಳು, ಸವೆದ ಕಾಲರನ್ನು ಬಿಚ್ಚಿ ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿಯುತ್ತಿದ್ದಳು. ಯಾರು ಏನು ತಂದರೂ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ನೋಡುವಳು. ನೂಲು ನೂಲೇ ಬಿಟ್ಟುಕೊಂಡರೆ, "ಇದರಲ್ಲಿ ಹೊಲಿಗೆ ನಿಲ್ಲಲ್ಲ," ಎನ್ನುವಳು. ಗಿರಾಕಿ ಎಷ್ಟು ಗೋಗರೆದರೂ ಕರಗುತ್ತಿರಲಿಲ್ಲ. ಆದರೆ ಆ ಬಟ್ಟೆಯನ್ನು ಉಂಡೆಮಾಡಿ ಕೊಡುತ್ತಿರಲಿಲ್ಲ. ಅಂಗಡಿಯಿಂದ ಈಗಷ್ಟೇ ಬಂದ ಅಂಗಿಯ ಹಾಗೆ ತೋಳು ಒಳಗೆ ಸೇರಿಸಿ, ಅಂಗೈಯಿಂದ ಸವರಿ, ಮಡಿಚಿ, ಎರಡೂ ಕೈಯಿಂದ ಕೊಡುತ್ತಿದ್ದಳು. ನಾವು ಮೂರು ಮಕ್ಕಳು ಆ ಮೇಜಿನ ಕೆಳಗೆ ಬೆಳೆದವರು.

ಈಗ ಅವಳು ಆಸ್ಪತ್ರೆಯಲ್ಲಿ, ಬಾಯಿಗೆ ಕೊಳವೆ ಹಾಕಿಸಿಕೊಂಡು, ಯಂತ್ರದ ಉಸಿರಿನಲ್ಲಿ ಮಲಗಿದ್ದಳು. ಅವಳ ಎದೆ ಏರಿ ಇಳಿಯುವುದು ಅವಳದಾಗಿರಲಿಲ್ಲ. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. ಮೊದಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಿದ್ದ ಡಾಕ್ಟರು ಆ ದಿನ ಬೆಳಗ್ಗೆ ನಮ್ಮೆಲ್ಲರನ್ನು ಕರೆದು ನೇರವಾಗಿ ಹೇಳಿದರು.

"ಮೆದುಳು ತುಂಬಾ ಹಾಳಾಗಿದೆ. ಅವರು ಇನ್ನು ಏಳಲ್ಲ. ಯಂತ್ರ ಇರೋ ತನಕ ಉಸಿರು ಇರುತ್ತೆ. ಹೀಗೇ ಮುಂದುವರಿಸಬೇಕಾ, ಯಂತ್ರ ತೆಗೆದು, ನೋವಾಗದ ಹಾಗೆ ನೋಡಿಕೊಂಡು, ಶಾಂತವಾಗಿ ಕಳಿಸಿಕೊಡಬೇಕಾ ಅಂತ ಮನೆಯವರು ಮಾತಾಡಿಕೊಳ್ಳಿ. ಇದರ ಬಗ್ಗೆ ಅವರು ಮುಂಚೆ ಯಾರ ಹತ್ತಿರವಾದರೂ ಏನಾದರೂ ಹೇಳಿದ್ದರೆ, ಅದೇ ಮುಖ್ಯ."

ಅಮ್ಮ ಹೇಳಿದ್ದಳು. ನನಗೆ, ನನ್ನೊಬ್ಬಳಿಗೇ ಹೇಳಿದ್ದಳು.

ಡಾಕ್ಟರ ಕೋಣೆಯಿಂದ ಹೊರಗೆ ಬರುತ್ತಲೇ ಅಕ್ಕ ತಿರುಗಿ ನಿಂತಳು. ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದು, ಅವಳ ಮಾತ್ರೆ, ಅವಳ ಮಂಡಿನೋವು, ಅವಳ ಹಟ ಎಲ್ಲವನ್ನೂ ನೋಡಿಕೊಂಡವಳು ಅವಳು. "ಯಂತ್ರ ತೆಗೀರಿ ಅಂತ ಬಾಯಿಬಿಟ್ಟವರು ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವರೇ ಅಲ್ಲ," ಎಂದಳು. ಪಕ್ಕದಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, "ಹೂಂ ಮತ್ತೆ," ಎಂದರು. ಮಾವ, ಅಮ್ಮನ ಅಣ್ಣ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಮೂವರೂ ಹೋಗಿ ಉಕ್ಕಿನ ಕುರ್ಚಿಗಳ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತರು.

ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಕಾಲ್ಕಿತ್ತೆ. ಆ ಮಹಡಿಯ ಕೋಣೆಗಳ ನಡುವಿನ ಓಣಿ ಕೊನೆಯಲ್ಲಿ ಬಲಕ್ಕೆ ತಿರುಗುತ್ತದೆ. ತಿರುವಿನ ಆಚೆ ನೀರಿನ ಯಂತ್ರ, ಒಂದು ಕಿಟಕಿ, ಕಿಟಕಿಯಾಚೆ ತಾರಸಿಯ ಮೇಲೆ ಒಣಗುತ್ತಿರುವ ಆಸ್ಪತ್ರೆಯ ಬಿಳಿ ಹೊದಿಕೆಗಳು. ಅಣ್ಣ ಹಿಂದೆಯೇ ಬಂದ. ನಾನು ತಡೆಯಲಾರದೆ ಅವನಿಗೆ ಒದರಿಬಿಟ್ಟೆ. ಅಮ್ಮ ಹೀಗೆ ಬದುಕುವುದು ಬೇಡ ಎಂದು ಹೇಳಿದ್ದಾಳೆ, ಅದನ್ನು ನಾನೇ ಎಲ್ಲರಿಗೂ ಹೇಳಬೇಕು, ಹೇಳಿದರೆ ಅಕ್ಕ ಬದುಕಿರುವತನಕ ನನ್ನ ಮುಖ ನೋಡುವುದಿಲ್ಲ, ಹೇಳದಿದ್ದರೆ ಅಮ್ಮನಿಗೆ ಕೊಟ್ಟ ಮಾತು ತಪ್ಪಿದಂತೆ.

"ಮೂವರನ್ನೂ ಒಟ್ಟಿಗೆ ಎದುರು ಹಾಕ್ಕೊಂಡರೆ ಆಗಲ್ಲ," ಎಂದ ಅಣ್ಣ. ಅವನು ತಿರುವಿನಿಂದ ತಲೆ ಹೊರಗೆ ಚಾಚಿ ಕುರ್ಚಿಗಳ ಕಡೆ ನೋಡಿದ. ಆ ನೋಟ ನನಗೆ ಗೊತ್ತು. "ಅಲ್ಲಿಂದ ಇಲ್ಲಿಗೆ ಕಾಣಲ್ಲ. ಒಬ್ಬೊಬ್ಬರನ್ನೇ ಕರ್ಕೊಂಡು ಬರ್ತೀನಿ. ಒಬ್ಬೊಬ್ಬರೇ ಇದ್ದಾಗ ಜನ ನಿಜ ಹೇಳ್ತಾರೆ."

"ಅಣ್ಣ, ಅವರು ನಮ್ಮವರು. ಶತ್ರುಗಳಲ್ಲ."

"ಗೊತ್ತು ಕಣೇ. ಅದಕ್ಕೇ ಯಾರಿಗೂ ಪೆಟ್ಟಾಗಬಾರದು."

ಮೊದಲು ಮಾವನನ್ನು ಆರಿಸಿದ. ತುದಿಯ ಕುರ್ಚಿಯಲ್ಲಿದ್ದವರು, ಮೆತ್ತಗಿನ ಮನುಷ್ಯ. ಹೋಗಿ ಕಿವಿಯಲ್ಲಿ ಏನೋ ಹೇಳಿ, ತಿರುಗಿಯೂ ನೋಡದೆ ನಡೆದು ಬಂದ. ಮಾವ ಟೋಪಿ ಹಿಡಿದುಕೊಂಡು ಹಿಂದೆ ಬಂದರು. ಮೂಲೆ ತಿರುಗಿ ನನ್ನನ್ನು ಕಂಡದ್ದೇ, "ಅಳ್ತಾ ಇದೀಯಾ ಮಗು?" ಎಂದರು. ನನಗಿಂತ ಮೊದಲು ಅವರ ಕಣ್ಣೇ ತುಂಬಿತು.

"ಮಾವ," ಎಂದ ಅಣ್ಣ, "ಅಮ್ಮನಿಗೆ ಇದು ಇಷ್ಟ ಆಗ್ತಿತ್ತಾ?"

ಮಾವ ಕಿಟಕಿಯ ಕಡೆ ತಿರುಗಿದರು. "ಇಲ್ಲ ಕಣೋ. ಯಾರಾದರೂ ಕೈ ಹಿಡಿದು ರಸ್ತೆ ದಾಟಿಸಿದರೂ ಸಿಡುಕ್ತಾ ಇದ್ದಳು. ನನಗೆ ಗೊತ್ತು. ಆದರೆ ನಾನು ಹೇಗೆ ಹೇಳಲಿ? ಎತ್ತಿ ಆಡಿಸಿದ ಕೈ ಇದು."

"ಅಮ್ಮ ಇದರ ಬಗ್ಗೆ ಮಾತಾಡಿದ್ದಳು ಮಾವ," ಎಂದು ಅಣ್ಣ ನನ್ನ ಕಡೆ ನೋಡಿದ. ಈಗ ನಾನು ಹೇಳಬೇಕಿತ್ತು. ಬಾಯಿಗೆ ಬೀಗ ಬಿದ್ದ ಹಾಗೆ ನಿಂತುಬಿಟ್ಟೆ. ಮಾವ ಕಾಯಲೂ ಇಲ್ಲ. ಟೋಪಿಯಲ್ಲಿ ಮುಖ ಮುಚ್ಚಿಕೊಂಡು, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಅಣ್ಣನ ಲೆಕ್ಕ ತಪ್ಪಿದ್ದು ಅಲ್ಲಿ. ಕಾಣುತ್ತದೋ ಇಲ್ಲವೋ ನೋಡಿದ್ದ, ಕೇಳುತ್ತದೋ ಇಲ್ಲವೋ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರ ಅಳು ಕೇಳಿಸಿತೆಂದರೆ ಉಳಿದವರು ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಓಡಿಬರುತ್ತಾರೆ. ಅಮ್ಮನೇ ಮಾಡಿಸಿದ ಅಭ್ಯಾಸ ಅದು. ಬೇರೆ ಯಾವ ಗುಂಪಿನ ನಂಟನ್ನಾದರೂ ಗುರುತಿಸಿಯಾನು, ನಮ್ಮದನ್ನು ಅವನು ಮರೆತಿದ್ದ. ಓಣಿಯಲ್ಲಿ ಚಪ್ಪಲಿಗಳ ಸದ್ದು ಕೇಳಿತು. ಅಕ್ಕ ಮುಂದೆ, ಚಿಕ್ಕಮ್ಮ ಹಿಂದೆ, ಇಬ್ಬರೂ ಮೂಲೆ ತಿರುಗಿ ನಮ್ಮೆದುರಿಗೆ ನಿಂತರು.

"ಏನಾಯ್ತು? ಅಮ್ಮನಿಗೆ ಏನಾಯ್ತು?"

"ಏನಿಲ್ಲಮ್ಮ," ಎಂದರು ಮಾವ. "ಅವಳು ಮುಂಚೆನೇ ಮಾತಾಡಿದ್ದಳಂತೆ. ಈ ಯಂತ್ರದ ಬಗ್ಗೆ."

ಅಕ್ಕನ ಮುಖ ಬಿಳಿಚಿಕೊಂಡಿತು. ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಯಾರ ಹತ್ತಿರ? ಯಾವತ್ತೂ ಅವಳ ಜೊತೆ ಇದ್ದದ್ದು ನಾನು. ನನಗೆ ಹೇಳದೆ ಯಾರಿಗೆ ಹೇಳಿದಳು?"

ಹಿಂದೆ ನೀರಿನ ಯಂತ್ರ, ಎದುರಿಗೆ ಅಕ್ಕ.

"ನನಗೆ," ಎಂದ ಅಣ್ಣ. "ನನಗೆ ಹೇಳಿದಳು. ಇವಳಿಗೆ ಏನೂ ಗೊತ್ತಿಲ್ಲ. ತೆಗೀಬೇಕು ಅಂತ ಹೇಳ್ತಿರೋನು ನಾನೇ. ಡಾಕ್ಟರಿಗೂ ನಾನೇ ಹೇಳ್ತೀನಿ." ಇಷ್ಟು ಹೇಳಿ ಅವರಿಬ್ಬರ ನಡುವೆಯೇ ಹಾದು ಮೂಲೆ ತಿರುಗಿ ಹೊರಟ. ಅಲ್ಲೇ ನಿಲ್ಲಲಿಲ್ಲ. ಓಣಿಯ ಇನ್ನೊಂದು ತುದಿಗೆ, ಮೆಟ್ಟಿಲುಗಳ ಕಡೆಗೆ, ನನ್ನಿಂದ ಎಷ್ಟು ದೂರ ಹೋಗಬಹುದೋ ಅಷ್ಟು ದೂರಕ್ಕೆ ಬಿರಬಿರನೆ ನಡೆದ. ಅಕ್ಕ, ಚಿಕ್ಕಮ್ಮ ಕೂಗುತ್ತ ಅವನ ಹಿಂದೆ ಹೋದರು. ಮಾವನೂ ಹೋದರು. ಅಣ್ಣ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ನಾನೊಬ್ಬಳೇ ಉಳಿದೆ. ಕೈಯಲ್ಲಿ ಕಾಗದದ ಲೋಟ ಇತ್ತು. ನಾಚಿಕೆಯಾಗುವಂಥ ಮಾತು, ಆದರೂ ಹೇಳುತ್ತೇನೆ: ಮೊದಲು ನನಗಾದದ್ದು ಸಮಾಧಾನ. ಬಚಾವಾದೆ ಅನ್ನಿಸಿತು. ಮೂಲೆಯಲ್ಲಿ ನಿಂತು ಕಾಯುವ ಅಭ್ಯಾಸ ನನ್ನ ಕಾಲಿಗೆ ಹತ್ತಿಹೋಗಿತ್ತು. ಕೋಪ ಇಳಿಯಲಿ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಲಿ, ಆಮೇಲೆ ಹೋಗಿ ಅಣ್ಣನನ್ನು ಎಬ್ಬಿಸಿದರಾಯಿತು.

ಆಮೇಲೆ ಎಂದರೆ ಯಾವಾಗ? ಆಟದಲ್ಲಿ ಶತ್ರುಗಳು ಎಲ್ಲವನ್ನೂ ಮರೆತು ಹಿಂದಿರುಗುತ್ತಾರೆ. ಅಕ್ಕ ಮರೆಯುವವಳಲ್ಲ. ಅಮ್ಮನನ್ನು ಕೊಂದವನು ಎಂಬ ಮಾತು ಒಮ್ಮೆ ಅಣ್ಣನ ಮೈಗೆ ಅಂಟಿದರೆ ಅದನ್ನು ಬಿಡಿಸುವ ಮಂತ್ರ ಯಾವ ಹೀಲರ್ ಹತ್ತಿರವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಅಮ್ಮ ಅವತ್ತು ಮಾತಿನ ಕೊನೆಗೆ ಹೇಳಿದ್ದೊಂದು ನೆನಪಾಯಿತು. ಲೋಟ ಅಲ್ಲೇ ಬಿಸಾಕಿ ಓಡಿದೆ. ಆಸ್ಪತ್ರೆಯ ಓಣಿಯಲ್ಲಿ ಓಡಬಾರದು ಎಂದು ನರ್ಸ್ ಗದರಿದ್ದು ಕೇಳಿಸಿತು.

ಮೆಟ್ಟಿಲಿನ ತಿರುವಿನಲ್ಲಿ ಅಣ್ಣ ಗೋಡೆಗೆ ಬೆನ್ನುಕೊಟ್ಟು ನಿಂತಿದ್ದ. ಅಕ್ಕ ಅವನ ಅಂಗಿಯ ಎದೆಭಾಗ ಹಿಡಿದುಕೊಂಡಿದ್ದಳು.

"ಏನಂತ ಹೇಳಿದಳು? ಅವಳ ಬಾಯಲ್ಲಿ ಬಂದ ಹಾಗೇ ಹೇಳು."

"ಯಂತ್ರ ಎಲ್ಲ ಬೇಡ ಅಂದಳು."

"ಸುಳ್ಳು! ಅಮ್ಮ ಯಾವತ್ತು ಹಾಗೆ ಮಾತಾಡಿದಾಳೆ?"

"ನಿನಗೆ ಸಾಕಾಗಿದೆ ಅಂತ ಹೇಳಿಬಿಡು," ಎಂದರು ಚಿಕ್ಕಮ್ಮ. "ಅಮ್ಮನ ಮೇಲೆ ಯಾಕೆ ಹಾಕ್ತೀಯ?"

ಅಣ್ಣ ಆ ಮಾತನ್ನು ನುಂಗಿಕೊಂಡ. ನನ್ನನ್ನು ನೋಡಿದವನೇ ಅಕ್ಕನ ಹೆಗಲ ಮೇಲಿಂದ ಕೈ ಬೀಸಿ, ಹೋಗು ಎಂದು ಸನ್ನೆ ಮಾಡಿದ.

"ಅಮ್ಮ ಹೇಳಿದ್ದು ಅವನಿಗಲ್ಲ," ಎಂದೆ. "ನನಗೆ."

"ಮೆಣಸು, ಬಾಯಿ ಮುಚ್ಚು," ಎಂದ ಅಣ್ಣ.

ನಾನು ಮುಚ್ಚಲಿಲ್ಲ. ಕನ್ನಡಕದ ಗಾಜು ಅಳತೆಗೆ ಉಜ್ಜಿ ಕೂರಿಸುವುದು ನನ್ನ ಹೊಟ್ಟೆಪಾಡಿನ ಕೆಲಸ. ಅಮ್ಮನ ಹೊಸ ಕನ್ನಡಕ ನಾನೇ ಮಾಡಿ ತಂದಿದ್ದೆ. ಅವಳು ಅದನ್ನು ಹಾಕಿಕೊಂಡು ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿ, ಗೆದ್ದವಳ ಹಾಗೆ ನಕ್ಕಿದ್ದಳು. ಅವತ್ತು ಆಸ್ಪತ್ರೆಯಲ್ಲಿದ್ದ ಎದುರುಮನೆಯ ಅಜ್ಜಿಯನ್ನು ನೋಡಿಕೊಂಡು ಬಂದಿದ್ದಳು. ಆ ಅಜ್ಜಿ ಬಹಳ ಕಾಲದಿಂದ ಇದೇ ಥರದ ಯಂತ್ರದಲ್ಲಿದ್ದವರು. ಇದನ್ನೆಲ್ಲ ಹೇಳುತ್ತಾ ಹೋದೆ. ಅಮ್ಮನ ಮಾತು ಒಂದೊಂದೂ ಅವಳು ಹೇಳಿದ ಹಾಗೆಯೇ ಬಂತು.

"ಸೂಜಿ ಪಕ್ಕಕ್ಕಿಟ್ಟು ಹೇಳಿದಳು. 'ಆ ಅಜ್ಜಿಗೆ ತೇಪೆ ಮೇಲೆ ತೇಪೆ ಹಾಕ್ತಿದಾರೆ ಕಣೇ. ಕೆಳಗೆ ಬಟ್ಟೆನೇ ಇಲ್ಲ. ನನಗೆ ಹಾಗೆ ಮಾಡಬೇಡಿ. ಇದರಲ್ಲಿ ಹೊಲಿಗೆ ನಿಲ್ಲಲ್ಲ ಅಂತ ಗೊತ್ತಾದ ದಿನ, ಒಳ್ಳೆ ಮನಸ್ಸಿಂದ ಮಡಿಚಿ ಕೊಟ್ಟುಬಿಡಿ.'"

ಅಕ್ಕನ ಕೈ ಅಣ್ಣನ ಅಂಗಿಯಿಂದ ಜಾರಿತು.

"ಅಕ್ಕನಿಗೆ ಯಾಕೆ ಹೇಳಲ್ಲ ಅಂತ ಕೇಳಿದೆ. 'ಅವಳಿಗೆ ಬೇಡ, ಈಗಿಂದಲೇ ಅಳೋಕೆ ಶುರು ಮಾಡ್ತಾಳೆ. ನನ್ನನ್ನ ನೋಡಿಕೊಳ್ಳೋದರಲ್ಲೇ ಅವಳು ಸವೆದುಹೋಗಿದಾಳೆ. ಆ ಹೊತ್ತು ಬಂದಾಗ ಮೊದಲು ಅವಳ ಕೈ ಹಿಡ್ಕೊಂಡು ಹೇಳು,' ಅಂದಳು. ನಾನು ಹಿಡ್ಕೊಳ್ಳಲಿಲ್ಲ. ನಿನಗೆ ಹೆದರಿಕೊಂಡೆ ಅಕ್ಕ."

ಈಗ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

"ಮತ್ತೆ ಇವನಿಗೆ ಯಾಕೆ ಹೇಳಲಿಲ್ಲ?" ಎಂದಳು ಅಕ್ಕ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ನಾನು ಅಣ್ಣನ ಕಡೆ ತಿರುಗಿದೆ. "'ಅವನಿಗಂತೂ ಬೇಡವೇ ಬೇಡ. ಅವನು ಎಲ್ಲವನ್ನೂ ತನ್ನ ತಲೆ ಮೇಲೆ ಹಾಕ್ಕೊಂಡು ಎಲ್ಲಾದರೂ ಹೋಗಿ ಒಬ್ಬನೇ ನಿಂತುಬಿಡ್ತಾನೆ. ಚಿಕ್ಕವನಿದ್ದಾಗಿಂದ ಹಾಗೇ. ಅವನನ್ನ ಒಬ್ಬನೇ ನಿಲ್ಲೋಕೆ ಬಿಡಬೇಡ,' ಅಂದಳು."

ಅಣ್ಣ ಗೋಡೆಗುಂಟ ಜಾರಿ ಮೆಟ್ಟಿಲ ಮೇಲೆ ಕುಳಿತ. ಅಷ್ಟೂ ದಿನ ಒಂದು ಹನಿ ಕಣ್ಣೀರು ಹಾಕದವನು ಮಂಡಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತ. ಅಳು ಕೇಳಿಸಿದರೆ ನಮ್ಮಲ್ಲಿ ಯಾರೂ ದೂರ ನಿಲ್ಲುವುದಿಲ್ಲ. ಮೊದಲು ಅಕ್ಕ ಅವನ ಪಕ್ಕ ಕುಳಿತಳು. ಚಿಕ್ಕಮ್ಮ ಅವನ ತಲೆ ಸವರಿ, "ನನ್ನ ಬಾಯಿಗೆ ಬೆಂಕಿ ಹಾಕ," ಎಂದು ತಮ್ಮನ್ನೇ ಬೈದುಕೊಂಡರು. ಯಾರೋ ಹೂಗುಚ್ಛ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವರು, ನಮ್ಮನ್ನು ಕಂಡು ಸದ್ದಿಲ್ಲದೆ ಹಿಂದಕ್ಕೆ ಇಳಿದುಹೋದರು.

"ನೀನು ಬರಬಾರದಿತ್ತು," ಎಂದ ಅಣ್ಣ, ಕಣ್ಣೊರೆಸಿಕೊಳ್ಳುತ್ತ.

"ಹೋಗೋ, ನೀನೂ ನಿನ್ನ ನಿಯಮವೂ," ಎಂದೆ.

ಮಾವ ಟೋಪಿಯನ್ನು ಜೇಬಿಗೆ ತುರುಕಿ, ಮೂಗು ಒರೆಸಿಕೊಂಡರು. "ಉಂಡೆ ಮಾಡಿ ಕೊಡ್ತಾ ಇರಲಿಲ್ಲ ಅವಳು," ಎಂದರು. "ಎಂಥ ಹರಕು ಬಟ್ಟೆ ಆದರೂ ಸವರಿ ಸವರಿ ಮಡಿಚ್ತಾ ಇದ್ದಳು." ಅಕ್ಕ ಹೌದೆಂದು ತಲೆಯಾಡಿಸಿದಳು. ಆಮೇಲೆ ಎದ್ದು ನಿಂತು, "ಡಾಕ್ಟರಿಗೆ ನಾನೇ ಹೇಳ್ತೀನಿ," ಎಂದಳು.

ಹೇಳಿದಳು. ಅವಳ ಕೈ ನನ್ನ ಕೈಯಲ್ಲೇ ಇತ್ತು. ಡಾಕ್ಟರು ಎಲ್ಲವನ್ನೂ ಕೇಳಿ, ಅವಸರವಿಲ್ಲ, ಮೊದಲು ಹೋಗಿ ಅವರ ಹತ್ತಿರ ಇದ್ದು ಬನ್ನಿ ಎಂದರು. ಅಮ್ಮ ಮಲಗಿದ್ದ ಕೋಣೆಯ ಬಾಗಿಲಲ್ಲಿ, ಓಣಿಯಲ್ಲಿ ನನ್ನನ್ನು ಗದರಿದ್ದ ಅದೇ ನರ್ಸ್ ನಿಂತಿದ್ದಳು.

"ಒಬ್ಬೊಬ್ಬರಾಗಿ ಬನ್ನಿ," ಎಂದಳು. ಅಲ್ಲಿಯ ನಿಯಮವೇ ಹಾಗೆ.

ಅಣ್ಣ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು, ಮೊದಲು ನೀವು ಹೋಗಿ ಎಂಬಂತೆ ನಮಗೆ ದಾರಿ ಬಿಟ್ಟ. ಅಕ್ಕ ಅವನ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು.

"ಇಲ್ಲಮ್ಮ," ಎಂದಳು ನರ್ಸಿಗೆ, "ನಾವು ಎಲ್ಲರೂ ಒಟ್ಟಿಗೇ ಬರ್ತೀವಿ."

ನರ್ಸ್ ನಮ್ಮ ಮುಖಗಳನ್ನು ನೋಡಿದಳು. ಆಮೇಲೆ ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ತೆರೆದಳು.